ಲೀಪ್ ಆಗಿ ಏಳು ತಿಂಗಳು, ಈಗ ಪ್ರತಿ ಸಲ ಮುಟ್ಟಿಗೆ ಮುಂಚೆ ಕಲೆ. ಯಾರಿಗಾದರೂ ಹೀಗಾಗಿದೆಯಾ?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ನನಗೆ 36 ವರ್ಷ. ಒಬ್ಬಳೇ ಮಗಳು, ನಾರ್ಮಲ್ ಹೆರಿಗೆ. ಹೋದ ವರ್ಷ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೋಶದ ಬಾಯಿಯ ಕಣಗಳ ಪರೀಕ್ಷೆ ಮಾಡಿಸಿದಾಗ ಏನೋ ಸರಿ ಇಲ್ಲ ಅಂತ ಬಂತು. ಆಮೇಲೆ ಆ ಜಾಗವನ್ನು ದೊಡ್ಡದು ಮಾಡಿ ನೋಡುವ ಕಾಲ್ಪೋಸ್ಕೋಪಿ, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಎಲ್ಲಾ ಆಯಿತು. ರಿಪೋರ್ಟ್‌ನಲ್ಲಿ ಸಿಐಎನ್ 2 ಅಂತ ಇತ್ತು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗಬಹುದು ಅಂತ ಹೇಳಿ ಲೀಪ್ ಮಾಡಿದರು. ಕರೆಂಟ್ ಹರಿಯುವ ಸಣ್ಣ ತಂತಿಯ ಕುಣಿಕೆಯಿಂದ ಗರ್ಭಕೋಶದ ಬಾಯಿಯ ಮೇಲಿನ ಕೆಟ್ಟ ಪದರವನ್ನು ತೆಗೆಯುತ್ತಾರಲ್ಲ, ಅದು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಂಜೆಗೆ ಮನೆಯಲ್ಲಿದ್ದೆ.

ಮೊದಲ ವಾರ ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟದ ಹಾಗೆ ಕಪ್ಪಗೆ ಹೋಯಿತು. ರಕ್ತ ನಿಲ್ಲಲು ಹಚ್ಚಿದ ಔಷಧಿ ಅದು ಅಂತ ನರ್ಸ್ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಹತ್ತನೇ ದಿನ ಸ್ವಲ್ಪ ಜಾಸ್ತಿ ಕೆಂಪಗೆ ಹೋಗಿ ನಿಂತಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮೂರನೇ ತಿಂಗಳಿಂದ ಬೇರೆ ಶುರುವಾಗಿದೆ. ಮುಟ್ಟು ಬರಲು ಇನ್ನೂ ನಾಲ್ಕೈದು ದಿನ ಇರುವಾಗಲೇ ಕಂದು ಬಣ್ಣದ ಕಲೆ. ಜಾಸ್ತಿ ಇಲ್ಲ, ಆದರೆ ದಿನಾ ಇರುತ್ತದೆ. ಯಜಮಾನರ ಜೊತೆ ಸೇರಿದ ಮೇಲೂ ಎರಡು ಸಲ ರಕ್ತ ಕಾಣಿಸಿತು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪು ಪೆನ್ನಲ್ಲಿ ಒಂದೊಂದು ಚುಕ್ಕೆ ಇಡುತ್ತಾ ಬಂದೆ. ನಿನ್ನೆ ಹಿಂದಿನ ಹಾಳೆಗಳನ್ನೆಲ್ಲಾ ತಿರುಗಿಸಿ ನೋಡಿದೆ. ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಇಲ್ಲ. ಎಲ್ಲಾ ಮುಟ್ಟಿನ ಮುಂಚಿನ ವಾರದಲ್ಲೇ ಗುಂಪು ಕೂಡಿವೆ.

ಒಬ್ಬ ಡಾಕ್ಟರ್ "ಗಾಯ ಮಾಗುತ್ತಿದೆ, ಬಿಡಿ" ಅಂದರು. ಏಳು ತಿಂಗಳು ಮಾಗುತ್ತದಾ? ಇನ್ನೊಬ್ಬರು ಒಳಗೆ ನೋಡಲೂ ಇಲ್ಲ. "ಮಗು ಆಗಿದೆಯಲ್ಲಾ, ಗರ್ಭಕೋಶ ತೆಗೆಸಿಬಿಡಿ" ಅಂದರು. ಅತ್ತೆಯವರಿಗೂ ಅದೇ ಸರಿ ಅನ್ನಿಸಿದೆ. ನನಗಂತೂ ಮಗಳಿಗೆ ಜಡೆ ಹಾಕುವಾಗಲೂ ಅದೇ ಯೋಚನೆ, ಕ್ಯಾನ್ಸರ್ ಬಂದುಬಿಟ್ಟಿದೆಯೇನೋ ಅಂತ. ಗೊತ್ತಿರುವವರು ದಯವಿಟ್ಟು ಹೇಳಿ.

ಕಾಫಿತೋಟ:
ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ಅಕ್ಕ. ನನಗೂ ಲೀಪ್ ಆಗಿದೆ. ನಿಮ್ಮ ಹತ್ತನೇ ದಿನದ ರಕ್ತ ನನಗೆ ಒಂಬತ್ತನೇ ದಿನ ಬಂತು, ಆದರೆ ನಿಲ್ಲಲಿಲ್ಲ. ಸುಟ್ಟ ಜಾಗದ ಮೇಲೆ ಹಕ್ಕಳೆ ಕಟ್ಟಿರುತ್ತದೆ, ಅದು ಉದುರುವಾಗ ಕೆಳಗಿನ ರಕ್ತನಾಳ ಬಾಯಿ ಬಿಡುತ್ತದೆ ಅಂತ ಆಮೇಲೆ ತಿಳಿಯಿತು. ನಾನು ಅವತ್ತು ಬಟ್ಟೆಯ ಬಕೆಟ್ ಎತ್ತಿಕೊಂಡು ಮಹಡಿ ಹತ್ತಿದ್ದೆ. ಒಂದು ಗಂಟೆಯಲ್ಲಿ ದೊಡ್ಡ ಪ್ಯಾಡ್ ಪೂರ್ತಿ ನೆನೆಯಿತು, ಮತ್ತೊಂದೂ ನೆನೆಯಿತು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಹೋದೆವು. ಔಷಧಿ ಹಚ್ಚಿ, ಗಾಜ್ ಬಟ್ಟೆ ತುಂಬಿ ಬೆಳಗಿನವರೆಗೆ ಇರಿಸಿಕೊಂಡರು.

ಈಚೆಗೆ ಲೀಪ್ ಆದವರು ಯಾರಾದರೂ ಓದುತ್ತಿದ್ದರೆ ಕೇಳಿಸಿಕೊಳ್ಳಿ. ಗಂಟೆಗೊಂದು ಪ್ಯಾಡ್ ನೆನೆದರೆ, ದೊಡ್ಡ ಗಡ್ಡೆ ಗಡ್ಡೆ ಹೋದರೆ, ಜ್ವರ ಬಂದರೆ, ಕೆಟ್ಟ ವಾಸನೆ ಇದ್ದರೆ ಬೆಳಗ್ಗೆ ತನಕ ಕಾಯಬೇಡಿ. ಮೊದಲ ಎರಡು ವಾರ ಭಾರ ಎತ್ತಬೇಡಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಆದರೆ ನಿಮ್ಮ ಮುಟ್ಟಿಗೆ ಮುಂಚಿನ ಕಲೆ ನನಗೆ ಆಗಿಲ್ಲ. ಅದು ಬೇರೆ ಏನೋ ಅನ್ನಿಸುತ್ತದೆ.

ತೆಂಗಿನನಾಡು:
ಉಷ್ಣ ಆಗಿರಬೇಕು. ನಮ್ಮಮ್ಮ ಇಂಥದ್ದಕ್ಕೆಲ್ಲಾ ಮೆಂತ್ಯ ನೆನೆಸಿದ ನೀರು, ಎಳನೀರು ಕೊಡುತ್ತಿದ್ದರು. ಒಂದು ತಿಂಗಳು ಮಾಡಿ ನೋಡಿ, ಕಮ್ಮಿ ಆಗಬಹುದು.

ಶಿರಾಸೀಮೆ:
ತೆಂಗಿನನಾಡು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಎಳನೀರು ಕುಡಿಯಲಿ, ಒಳ್ಳೆಯದೇ. ಆದರೆ ಉಷ್ಣ ಉಷ್ಣ ಅಂತ ನಾನು ಆರು ವರ್ಷ ಕಳೆದಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ ಲೀಪ್ ಅಲ್ಲ, ಕಾಟರಿ ಆಗಿದ್ದು. 2012ನೇ ಇಸವಿ. ಬಿಳಿ ಹೋಗುತ್ತದೆ ಅಂತ ಊರಿನ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋಗಿದ್ದೆ. "ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ, ಸುಡಿಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಅಂದರು. ಪ್ಯಾಪ್ ಸ್ಮಿಯರ್ ಮಾಡಲಿಲ್ಲ. ಬಯಾಪ್ಸಿ ಮಾಡಲಿಲ್ಲ. ಮುಟ್ಟು ಯಾವಾಗ ಬರುತ್ತದೆ ಅಂತಲೂ ಕೇಳಲಿಲ್ಲ. ಅದೇ ಮಧ್ಯಾಹ್ನ ಸುಟ್ಟರು. ಮೂರನೇ ದಿನಕ್ಕೆ ನನಗೆ ಮುಟ್ಟಾಯಿತು. ಈ ಮೂರನೇ ದಿನ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಆರು ವರ್ಷ ನಿಮ್ಮದೇ ಕಥೆ. ಮುಟ್ಟಿಗೆ ಮುಂಚೆ ಕಲೆ, ಸೇರಿದರೆ ರಕ್ತ. ಗಂಡನಿಗೆ ಹೇಳಲು ನಾಚಿಕೆ, ಡಾಕ್ಟರಿಗೆ ಹೇಳಲು ಭಯ. ಕೊನೆಗೆ ಬೆಂಗಳೂರಲ್ಲಿ ತಂಗಿ ಮನೆಗೆ ಹೋದಾಗ ಅವಳೇ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಕಾಲ್ಪೋಸ್ಕೋಪ್ ಇಟ್ಟು ಟೀವಿಯಂಥ ಪರದೆಯಲ್ಲಿ ನನಗೂ ತೋರಿಸಿದರು. ಗರ್ಭಕೋಶದ ಬಾಯಿ ತಿಳಿ ಗುಲಾಬಿ ಬಣ್ಣ, ನುಣ್ಣಗೆ ಇತ್ತು. ಅದರ ಮೇಲೆ ಗಡಿಯಾರದ ಐದರ ಮುಳ್ಳಿನ ಕಡೆ ಎರಡು ಚುಕ್ಕೆ, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಮಾಗಿದ ಬಸಳೆ ಹಣ್ಣಿನ ಆ ನೀಲಿ ಮಿಶ್ರಿತ ಕಪ್ಪು ಬಣ್ಣ. ಅವರು ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರು. ಒಂದರಿಂದ ಹನಿ ರಕ್ತ ಒಸರಿತು. ಆರು ವರ್ಷ ನನ್ನ ನಿದ್ದೆ ಕೆಡಿಸಿದ್ದು ಅದು.

ಬಯಾಪ್ಸಿಯಲ್ಲಿ ಎಂಡೋಮೆಟ್ರಿಯೋಸಿಸ್ ಅಂತ ಬಂತು. ಗರ್ಭಕೋಶದ ಒಳಪದರದ ಅಂಗಾಂಶ ಸುಟ್ಟ ಗಾಯದಲ್ಲಿ ಬೇರು ಬಿಟ್ಟಿತ್ತು. ಕ್ಯಾನ್ಸರ್ ಅಲ್ಲ. ಆವತ್ತು ತಂಗಿ ಮನೆಯಲ್ಲಿ ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ. ಖುಷಿಗೂ ಅತ್ತೆ, ಕಳೆದ ವರ್ಷಗಳಿಗೂ ಅತ್ತೆ.

ಹಾಸನದವಳು:
ಅಕ್ಕ, ಓದುತ್ತಾ ಕೈ ನಡುಗಿತು. ನಾನು ಎಂಡೋಮೆಟ್ರಿಯೋಸಿಸ್ ಅಂದರೆ ಹೊಟ್ಟೆಯೊಳಗೆ ಆಗುವುದು, ವಿಪರೀತ ಹೊಟ್ಟೆನೋವು ಬರುವುದು ಅಂದುಕೊಂಡಿದ್ದೆ. ನನಗೆ ಅಷ್ಟೇನೂ ನೋವಿಲ್ಲ. ಗರ್ಭಕೋಶದ ಬಾಯಲ್ಲೂ ಆಗುತ್ತದಾ?

ಇನ್ನೊಂದು ನೆನಪಾಯಿತು. ಲೀಪ್ ಆದ ಆರನೇ ದಿನವೇ ನನಗೆ ಮುಟ್ಟಾಗಿತ್ತು. ಆ ಹತ್ತನೇ ದಿನದ ರಕ್ತವನ್ನೂ ಮುಟ್ಟಿನದ್ದೇ ಅಂದುಕೊಂಡಿದ್ದೆ.

ಹೆರಿಗೆವಾರ್ಡ್ ಡಾಕ್ಟರ್:
ನಾನು ಸ್ತ್ರೀರೋಗ ವೈದ್ಯೆ. ಇಲ್ಲಿ ಯಾರಿಗೂ ಇದೇ ಕಾಯಿಲೆ ಅಂತ ಹೇಳಲು ಆಗುವುದಿಲ್ಲ, ಕಣ್ಣಾರೆ ನೋಡಬೇಕು. ಆದರೆ ಕೇಳಿರುವ ಪ್ರಶ್ನೆ ತುಂಬಾ ಒಳ್ಳೆಯದು, ಬಿಡಿಸಿ ಹೇಳುತ್ತೇನೆ.

ಹೌದು, ಗರ್ಭಕೋಶದ ಬಾಯಲ್ಲೂ ಎಂಡೋಮೆಟ್ರಿಯೋಸಿಸ್ ಆಗುತ್ತದೆ. ಹೊಟ್ಟೆಯೊಳಗಿನದ್ದರ ಹಾಗೆ ಸಾಮಾನ್ಯ ಅಲ್ಲ. ಬಾಯಿಗೆ ಏನಾದರೂ ಗಾಯ ಆದವರಲ್ಲಿ ಹೆಚ್ಚು ಕಾಣುತ್ತೇವೆ: ಲೀಪ್, ಕೋನ್ ಬಯಾಪ್ಸಿ, ಕಾಟರಿ, ಕೆಲವೊಮ್ಮೆ ಹೆರಿಗೆಯಲ್ಲಿ ಹರಿದದ್ದು. 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತದಲ್ಲಿ ಒಳಪದರದ ಜೀವಂತ ಕಣಗಳೂ ಇರುತ್ತವೆ, ಅವು ಬೇರೆ ಕಡೆ ಹೋಗಿ ಕೂತರೆ ಅಲ್ಲೇ ಬೆಳೆಯಬಹುದು ಅಂತ. ಎಲ್ಲಾ ಎಂಡೋಮೆಟ್ರಿಯೋಸಿಸ್‌ಗೂ ಈ ಒಂದೇ ವಿವರಣೆ ಸಾಲುವುದಿಲ್ಲ. ಆದರೆ ಗಾಯದ ಜಾಗಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಹಸಿ ಗಾಯದ ಮೇಲೆ ಮುಟ್ಟಿನ ರಕ್ತ ಹರಿದರೆ ಕೆಲವು ಕಣ ಅಲ್ಲಿ ಕೂತುಬಿಡುತ್ತವೆ. ಗದ್ದೆ ಉತ್ತು ಹಸಿ ಮಾಡಿಟ್ಟ ಹಾಗೆ. ಸಿಸೇರಿಯನ್ ಹೊಲಿಗೆಯ ಪಕ್ಕ ಗಂಟಾಗಿ, ಮುಟ್ಟಿನ ದಿನಗಳಲ್ಲಿ ಮಾತ್ರ ನೋಯುವ ಹೆಂಗಸರನ್ನು ನಾನು ನೋಡಿದ್ದೇನೆ. ಅದೂ ಇದರ ಅಕ್ಕತಂಗಿಯೇ.

ಈ ಅಂಗಾಂಶಕ್ಕೆ ತಾನು ಗರ್ಭಕೋಶದ ಹೊರಗಿದ್ದೇನೆ ಅಂತ ಗೊತ್ತಿಲ್ಲ. ತಿಂಗಳ ಹಾರ್ಮೋನ್ ಏರಿಳಿತಕ್ಕೆ ಅದೂ ಊದುತ್ತದೆ, ಒಸರುತ್ತದೆ. ಅದಕ್ಕೇ ಕಲೆ ಮುಟ್ಟಿನ ಆಸುಪಾಸಿನಲ್ಲೇ ಬರುತ್ತದೆ. ಮೇಲ್ಮೈಯಲ್ಲೇ ಇರುವುದರಿಂದ ಸೇರಿದಾಗ ಒರೆಸಿದಂತಾಗಿ ರಕ್ತ ಬರಬಹುದು. ನೋವು ಇರಲೇಬೇಕು ಅಂತಿಲ್ಲ. ಎಷ್ಟೋ ಜನಕ್ಕೆ ಏನೂ ತೊಂದರೆಯೇ ಇರುವುದಿಲ್ಲ, ಬೇರೆ ಯಾವುದಕ್ಕೋ ನೋಡಿದಾಗ ಕಾಣುತ್ತದೆ.

ಹಾಸನದವರೇ, ನಿಮ್ಮ ಆ ಕ್ಯಾಲೆಂಡರ್ ಹಾಳೆಗಳನ್ನು ಹರಿದು ಎಸೆಯಬೇಡಿ. ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋಗಿ. ಯಾವ ಸ್ಕ್ಯಾನೂ ಹೇಳದ್ದನ್ನು ಆ ಚುಕ್ಕೆಗಳು ಹೇಳುತ್ತವೆ.

ಆದರೆ ಎಂಡೋಮೆಟ್ರಿಯೋಸಿಸ್ ಅಂತ ಈಗಲೇ ತೀರ್ಮಾನ ಮಾಡಿಕೊಳ್ಳಬೇಡಿ. ಇದೇ ಥರ ರಕ್ತ ಬರಲು ಬೇರೆ ಕಾರಣಗಳೂ ಇವೆ. ಪಾಲಿಪ್, ಸೋಂಕು, ಗಾಯದ ಮೇಲೆ ಬೆಳೆದ ಹಸಿ ಮಾಂಸ, ಫೈಬ್ರಾಯ್ಡ್, ಥೈರಾಯ್ಡ್, ಕಾಪರ್ ಟಿ. ಬಸಿರು ಇಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಬೇಕು. ಮುಖ್ಯವಾಗಿ, ಲೀಪ್ ಮಾಡಿದ ಮೇಲೂ ಸಿಐಎನ್ ಸ್ವಲ್ಪ ಉಳಿದಿರಬಹುದು. ನಿಮ್ಮಿಂದ ತೆಗೆದ ತುಂಡಿನ ರಿಪೋರ್ಟ್‌ನಲ್ಲಿ ಅಂಚು ಪೂರ್ತಿ ಚೊಕ್ಕ ಇದೆಯಾ ಅಂತ ಬರೆದಿರುತ್ತಾರೆ, ಹುಡುಕಿ ನೋಡಿ. ಆಮೇಲೆ ಫಾಲೋಅಪ್ ಪ್ಯಾಪ್ ಸ್ಮಿಯರ್, ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಆಗಿದೆಯಾ?

ಹಾಸನದವಳು:
ಇಲ್ಲ ಮೇಡಂ. ಆರು ತಿಂಗಳಿಗೆ ಬನ್ನಿ ಅಂದಿದ್ದರು. ಮಗಳ ಪರೀಕ್ಷೆ, ಊರ ಜಾತ್ರೆ ಅಂತ ಹೋಗಲಿಲ್ಲ. ತಪ್ಪು ನನ್ನದೇ. ರಿಪೋರ್ಟ್ ಹುಡುಕುತ್ತೇನೆ.

ಲೀಡ್ಸ್ ಕನ್ನಡತಿ:
ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಲೀಪ್‌ಗೆ ಲೆಟ್ಜ್ ಅನ್ನುತ್ತಾರೆ. ಡೇಟ್ ಕೊಡುವಾಗಲೇ ಫೋನಿನಲ್ಲಿ ನನ್ನ ಕೊನೆಯ ಮುಟ್ಟಿನ ದಿನ ಕೇಳಿದರು. ಮುಟ್ಟು ಮುಗಿದ ವಾರದಲ್ಲೇ ಬನ್ನಿ ಅಂದರು. ಆಗ ಯಾಕೆ ಅಂತ ಹೊಳೆದಿರಲಿಲ್ಲ. ಇಲ್ಲಿ ಓದಿದ ಮೇಲೆ ಹೊಳೆಯಿತು. ಮುಂದಿನ ಮುಟ್ಟಿಗೆ ಮೂರು ವಾರ ಸಿಗುತ್ತದೆ, ಅಷ್ಟರಲ್ಲಿ ಗಾಯ ಒಂದು ಹಂತಕ್ಕೆ ಬಂದಿರುತ್ತದೆ ಅಲ್ವಾ? ನಾಲ್ಕು ವಾರ ಟ್ಯಾಂಪನ್, ಕಪ್ ಏನೂ ಬೇಡ, ಗಂಡ ಹೆಂಡತಿ ಸೇರುವುದು ಬೇಡ ಅಂತ ಕಾಗದದಲ್ಲೇ ಬರೆದುಕೊಟ್ಟಿದ್ದರು. ಆರು ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆಗೆ ಅವರೇ ಪತ್ರ ಹಾಕಿದರು. ನೆಗೆಟಿವ್ ಬಂತು, ಮುಂದಿನದು ಮೂರು ವರ್ಷಕ್ಕೆ.

ನನ್ನ ತೊಂದರೆ ಇನ್ನೊಂದು ರೀತಿ. ಲೆಟ್ಜ್ ಆದ ಮೇಲೆ ಮುಟ್ಟು ಬರುಬರುತ್ತಾ ಕಮ್ಮಿ ಆಯಿತು, ನೋವು ಮಾತ್ರ ಜಾಸ್ತಿ. ಕಂದು ಗೆರೆ ಬಂದರೆ ಬಂತು. ಆದರೆ ಹೆರಿಗೆ ನೋವಿನಂಥ ಸೆಳೆತ. ಗಾಯ ಮಾಗುವಾಗ ಗರ್ಭಕೋಶದ ಬಾಯಿಯ ದಾರಿ ಕಿರಿದಾಗಿತ್ತು, ರಕ್ತ ಒಳಗೇ ನಿಲ್ಲುತ್ತಿತ್ತು. ಸ್ಕ್ಯಾನ್‌ನಲ್ಲಿ ಕಾಣಿಸಿತು. ಸಣ್ಣ ಕಡ್ಡಿಗಳಿಂದ ದಾರಿ ಹಿಗ್ಗಿಸಿದರು. ಅವತ್ತು ಸಂಜೆ ಮನೆಗೆ ಬಂದು ನೆಟ್ಟಗೆ ನಿಂತು ದೋಸೆ ಹುಯ್ದೆ. ಎಷ್ಟು ತಿಂಗಳಾಗಿತ್ತೋ ಮುಟ್ಟಿನ ದಿನ ಒಲೆ ಮುಂದೆ ಹಾಗೆ ನಿಂತು. ಲೀಪ್ ಆದ ಮೇಲೆ ಮುಟ್ಟು ಕಮ್ಮಿಯಾಗಿ ನೋವು ಹೆಚ್ಚಾದರೆ ಖುಷಿಪಡಬೇಡಿ, ತೋರಿಸಿ.

ಹೆರಿಗೆವಾರ್ಡ್ ಡಾಕ್ಟರ್:
ಲೀಡ್ಸ್‌ನವರು ಹೇಳಿದ್ದು ಸರಿ. ಮುಟ್ಟು ಮುಗಿದ ತಕ್ಷಣದ ದಿನಗಳಲ್ಲಿ ಮಾಡಿದರೆ ಬಸಿರು ಇಲ್ಲ ಅನ್ನುವುದೂ ಬಹುತೇಕ ಗೊತ್ತಿರುತ್ತದೆ, ಲೀಪ್‌ನ ರಕ್ತ ಯಾವುದು ಮುಟ್ಟಿನ ರಕ್ತ ಯಾವುದು ಅನ್ನುವ ಗೊಂದಲವೂ ಇರುವುದಿಲ್ಲ. ತುರ್ತು ಇಲ್ಲದಿದ್ದರೆ ಒಂದೆರಡು ವಾರ ಕಾದು ಈ ದಿನ ಕೇಳಿಕೊಳ್ಳಿ. ಸಿಐಎನ್ ರಾತ್ರೋರಾತ್ರಿ ಕ್ಯಾನ್ಸರ್ ಆಗುವುದಿಲ್ಲ, ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಹಾಗಂತ ಲೀಪ್ ಬೇಡ ಅಂತ ಈ ಚರ್ಚೆ ಓದಿ ಯಾರೂ ತೀರ್ಮಾನಿಸಬೇಡಿ. ಸಿಐಎನ್ 2, 3 ಇದ್ದಾಗ ಅದು ಜೀವ ಉಳಿಸುವ ಚಿಕಿತ್ಸೆ.

ಇನ್ನೊಂದು ಮಾತು. ಶಿರಾಸೀಮೆಯವರಿಗೆ "ಹುಣ್ಣು" ಅಂತ ಹೇಳಿದ್ದು ಬಹುಶಃ ಹುಣ್ಣೇ ಅಲ್ಲ. ಬಾಯಿಯ ಒಳಭಾಗದ ಕೆಂಪು ಪದರ ಹೊರಗೆ ಕಾಣಿಸುವುದು ಹರೆಯದವರಲ್ಲಿ, ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಸಹಜ. ಅದು ಕ್ಯಾನ್ಸರ್ ಆಗುವುದಿಲ್ಲ. ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡದೆ ಸುಡಿಸಲು ಒಪ್ಪಬೇಡಿ.

ಕಲಬುರಗಿಯಾಕೆ:
ಗರ್ಭಕೋಶ ತೆಗೆಸಿ ಅನ್ನುವ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಬೇಡದ ಗರ್ಭಕೋಶದ ಆಪರೇಷನ್ ಆದದ್ದು ರಾಜ್ಯಕ್ಕೆಲ್ಲಾ ಸುದ್ದಿಯಾಯಿತು, ಸರ್ಕಾರ ವಿಚಾರಣೆಯನ್ನೂ ಮಾಡಿಸಿತು. ಹೊಟ್ಟೆನೋವು, ಬಿಳಿ ಹೋಗುವುದು ಅಂತ ಹೋದವರು ಅವರು. ಕ್ಯಾನ್ಸರ್ ಹೆದರಿಕೆ ಹಾಕಿದ್ದೇ ಸಾಕಾಗಿತ್ತು. ಮೂವತ್ತು ದಾಟದವರೂ ಇದ್ದರು. ನಮ್ಮ ಸಂಬಂಧಿಕಳೊಬ್ಬಳು ಈಗಲೂ ಸೊಂಟ ಹಿಡಿದುಕೊಂಡೇ ಕಬ್ಬಿನ ಕೆಲಸಕ್ಕೆ ಹೋಗುತ್ತಾಳೆ. ಅಕ್ಕ, ಒಳಗೆ ನೋಡದೆ, ಪರೀಕ್ಷೆ ಮಾಡದೆ ತೆಗೆಸಿ ಅಂದವರ ಮಾತಿಗೆ ಹೂಂ ಅನ್ನಬೇಡಿ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಅವರೂ ನಿಮ್ಮ ಮೇಲಿನ ಭಯಕ್ಕೇ ಹಾಗೆ ಹೇಳಿರುತ್ತಾರೆ.

ಕಾಫಿತೋಟ:
ಡಾಕ್ಟರ್ ಮೇಡಂ, ಪರೀಕ್ಷೆಗೆ ಯಾವಾಗ ಹೋದರೆ ಒಳ್ಳೆಯದು? ಮುಟ್ಟಾದ ಮೇಲೋ ಮುಂಚೆಯೋ?

ಹೆರಿಗೆವಾರ್ಡ್ ಡಾಕ್ಟರ್:
ಇಂಥ ಚುಕ್ಕೆ ಹುಡುಕುವುದಾದರೆ ಮುಟ್ಟಿಗೆ ಸ್ವಲ್ಪ ಮುಂಚೆ. ಆಗ ಅವು ಊದಿಕೊಂಡು ಎದ್ದು ಕಾಣುತ್ತವೆ. ಮುಟ್ಟು ಮುಗಿದ ವಾರ ಮಂಕಾಗಿ ತಪ್ಪಿಸಿಕೊಳ್ಳಬಹುದು. ತೆಗೆಯುವುದು ಮಾತ್ರ ಮುಟ್ಟು ಮುಗಿದ ಮೇಲೆ. ಮೊದಲ ಸಲ ಆದ ಹಾಗೆ ಹಸಿ ಗಾಯದ ಮೇಲೆ ಮತ್ತೆ ಮುಟ್ಟು ಬರಬಾರದು.

ಇನ್ನೊಂದು ವಿಷಯ ಹಾಸನದವರಿಗೆ. ಬಾಯಲ್ಲಿ ಎಂಡೋಮೆಟ್ರಿಯೋಸಿಸ್ ಇದ್ದರೆ ಪ್ಯಾಪ್ ಸ್ಮಿಯರ್‌ನಲ್ಲಿ ಆ ಕಣಗಳು ವಿಚಿತ್ರವಾಗಿ ಕಂಡು, ಗ್ರಂಥಿಯ ಕಣಗಳು ಸರಿಯಿಲ್ಲ ಅಂತ ರಿಪೋರ್ಟ್ ಬರುವುದುಂಟು. ಆ ಸಾಲು ಓದಿದವರಿಗೆ ನಿಂತ ನೆಲ ಕುಸಿದ ಹಾಗಾಗುತ್ತದೆ. ಹೆದರಬೇಡಿ, ಆದರೆ ಬಿಡಲೂ ಬೇಡಿ. ಬಯಾಪ್ಸಿಯೇ ಅದನ್ನು ಬಗೆಹರಿಸುತ್ತದೆ. ಸ್ಮಿಯರ್ ಓದುವ ಪ್ಯಾಥಾಲಜಿ ಡಾಕ್ಟರಿಗೆ ಹಿಂದೆ ಲೀಪ್ ಆಗಿದೆ ಅಂತ ಚೀಟಿಯಲ್ಲಿ ಬರೆಸಿ.

ಹಾಸನದವಳು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲಾ ಒಟ್ಟಿಗೆ ಉತ್ತರ.

ಹಳೇ ರಿಪೋರ್ಟ್ ಸಿಕ್ಕಿತು, ಮಗಳ ಅಂಕಪಟ್ಟಿಯ ಫೈಲಿನಲ್ಲಿತ್ತು. ಅಂಚಿನಲ್ಲಿ ಸಿಐಎನ್ ಇಲ್ಲ ಅಂತ ಬರೆದಿದೆ. ಹೋದ ವಾರ ಮುಟ್ಟಿಗೆ ಮೂರು ದಿನ ಇರುವಾಗ ಕಾಲ್ಪೋಸ್ಕೋಪಿಗೆ ಹೋದೆ. ಜೊತೆಗೆ ಅತ್ತೆಯವರು ಬಂದಿದ್ದರು, ಹೌದು, ಅವರೇ. ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದ್ದೆ. ಕಲಬುರಗಿಯ ಅಕ್ಕ ಬರೆದದ್ದು ಕೇಳಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ "ನಡಿ, ನಾನೂ ಬರ್ತೀನಿ" ಅಂದರು.

ಕ್ಯಾಲೆಂಡರ್ ಹಾಳೆಗಳನ್ನು ಟೇಬಲ್ ಮೇಲೆ ಇಟ್ಟಾಗ ಡಾಕ್ಟರ್ ಒಂದೊಂದೇ ಎತ್ತಿ ನೋಡಿದರು. ಹಾಲಿನ ಲೆಕ್ಕ ಕೂಡ ಇದೆಯಲ್ಲಾ ಅಂತ ನಕ್ಕು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಪರದೆಯಲ್ಲಿ ನನಗೂ ಕಾಣಿಸಿತು. ಒಂದೇ ಚುಕ್ಕೆ, ಶಿರಾಸೀಮೆ ಅಕ್ಕ ಹೇಳಿದ ಅದೇ ಬಸಳೆ ಹಣ್ಣಿನ ಬಣ್ಣ. ಅದರಿಂದ ಬಯಾಪ್ಸಿ ತೆಗೆದರು, ಎಚ್‌ಪಿವಿ ಪರೀಕ್ಷೆಗೂ ಕೊಟ್ಟರು.

ನಿನ್ನೆ ಎರಡೂ ರಿಪೋರ್ಟ್ ಬಂತು. ಎಚ್‌ಪಿವಿ ನೆಗೆಟಿವ್. ಬಯಾಪ್ಸಿಯಲ್ಲಿ ಎಂಡೋಮೆಟ್ರಿಯಲ್ ಗ್ರಂಥಿ ಮತ್ತು ಸ್ಟ್ರೋಮಾ ಇದೆ, ಅಂದರೆ ಎಂಡೋಮೆಟ್ರಿಯೋಸಿಸ್ಸೇ, ಸಿಐಎನ್ ಇಲ್ಲ, ಕ್ಯಾನ್ಸರ್ ಇಲ್ಲ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಅಂಡಾಶಯ ಎರಡೂ ಚೆನ್ನಾಗಿವೆ. ಹಾಗೇ ಬಿಟ್ಟು ನೋಡಬಹುದು, ತೊಂದರೆ ಅನ್ನಿಸಿದರೆ ಚುಕ್ಕೆಯನ್ನು ಮಾತ್ರ ತೆಗೆಯಬಹುದು, ನಿಮಗೆ ಹೇಗೆ ಬೇಕೋ ಹಾಗೆ ಅಂದರು. ಹಾಗೆ ನನ್ನನ್ನು ಕೇಳಿದ ಮೊದಲ ಡಾಕ್ಟರ್ ಅವರು. ತೆಗೆಸುತ್ತೇನೆ ಅಂದೆ. ಮುಟ್ಟು ಮುಗಿದ ಎರಡನೇ ದಿನಕ್ಕೆ ಡೇಟ್ ಕೊಟ್ಟಿದ್ದಾರೆ.

ಶಿರಾಸೀಮೆ:
ನಿಮ್ಮ ರಿಪೋರ್ಟ್ ಓದಿ ನನ್ನದೇ ರಿಪೋರ್ಟ್ ಬಂದ ಹಾಗಾಯಿತು. ಆರು ವರ್ಷ ಅಲ್ಲ, ಏಳೇ ತಿಂಗಳು. ಅಷ್ಟೇ ಸಾಕು ನನಗೆ.

ನನಗೆ ಚುಕ್ಕೆ ತೆಗೆದ ಮೇಲೆ ಎರಡು ತಿಂಗಳು ಸ್ವಲ್ಪ ಕಲೆ ಇತ್ತು, ಆಮೇಲೆ ನಿಂತಿತು. ಮತ್ತೆ ಬರಬಹುದು ಅಂತ ಹೇಳಿದ್ದರು. ಬಂದಿಲ್ಲ.

ಹೊಸಮದುಮಗಳು:
ನನಗೆ 28, ಮುಂದಿನ ತಿಂಗಳು ಲೀಪ್ ಇದೆ. ಇನ್ನೂ ಮಕ್ಕಳಾಗಿಲ್ಲ. ಲೀಪ್ ಆದರೆ ಮಗು ನಿಲ್ಲುವುದಿಲ್ಲ ಅಂತ ಯಾರೋ ಹೇಳಿದರು, ರಾತ್ರಿಯೆಲ್ಲಾ ನಿದ್ದೆ ಇಲ್ಲ.

ಹೆರಿಗೆವಾರ್ಡ್ ಡಾಕ್ಟರ್:
ಲೀಪ್ ಆದ ಬಹಳಷ್ಟು ಹೆಂಗಸರು ಬಸಿರಾಗಿ ಹೆತ್ತಿದ್ದಾರೆ, ನನ್ನ ಕೈಯಲ್ಲೇ ಎಷ್ಟೋ ಹೆರಿಗೆ ಆಗಿವೆ. ಆಳವಾಗಿ ತೆಗೆದಿದ್ದರೆ ಅಥವಾ ಎರಡನೇ ಸಲ ಮಾಡಿದ್ದರೆ ಅವಧಿಗೆ ಮುಂಚೆ ಹೆರಿಗೆ ಆಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಅದಕ್ಕೆ ನಿಮ್ಮ ಡಾಕ್ಟರಿಗೆ ಮಕ್ಕಳ ಆಸೆ ಇದೆ ಅಂತ ಮುಂಚೆಯೇ ಹೇಳಿ. ಎಷ್ಟು ಬೇಕೋ ಅಷ್ಟೇ ತೆಗೆಯುತ್ತಾರೆ. ಮುಂದೆ ಬಸಿರಾದಾಗ ಮೊದಲ ಭೇಟಿಯಲ್ಲೇ ಲೀಪ್ ಆಗಿದೆ ಅಂತ ತಿಳಿಸಿ, ಗರ್ಭಕೋಶದ ಬಾಯಿಯ ಉದ್ದವನ್ನು ಸ್ಕ್ಯಾನ್‌ನಲ್ಲಿ ಅಳೆದು ನೋಡಿಕೊಳ್ಳುತ್ತಾರೆ.

ಹಾಸನದವಳು:
ತಂಗಿ, ಕ್ಯಾಲೆಂಡರ್ ತೆಗೆದು ನಿನ್ನ ಮುಂದಿನ ಮುಟ್ಟು ಯಾವಾಗ ಅಂತ ಇವತ್ತೇ ಲೆಕ್ಕ ಹಾಕು. ಲೀಪ್‌ನ ದಿನ ಅದಕ್ಕೆ ಮುಂಚೆ ಬಿದ್ದಿದ್ದರೆ ನಾಳೆಯೇ ಫೋನ್ ಮಾಡಿ ದಿನ ಬದಲಿಸಲು ಆಗುತ್ತದಾ ಅಂತ ಕೇಳು. ಕೇಳಲು ಸಂಕೋಚ ಬೇಡ. ಏನಂದರು ಅಂತ ಇಲ್ಲಿ ಬರಿ, ನಾನು ನೋಡುತ್ತಿರುತ್ತೇನೆ.

ಹೊಸಮದುಮಗಳು:
ಲೆಕ್ಕ ಹಾಕಿದೆ ಅಕ್ಕ. ಎರಡು ದಿನ ಮುಂಚೆ ಬಿದ್ದಿದೆ. ಬೆಳಗ್ಗೆ ಫೋನ್ ಮಾಡಿದೆ, ಹತ್ತು ದಿನ ಮುಂದಕ್ಕೆ ಹಾಕಿಕೊಟ್ಟರು.